ಅಣ್ಣ ಮುಟ್ಟಿದ ರಿಂಗಿನ ಎತ್ತರ

ಬಾಸ್ಕೆಟ್‌ಬಾಲಿನಲ್ಲಿ ಯಾರು ದೊಡ್ಡವರು ಎನ್ನುವ ಜಗಳವನ್ನು ನಾನು ನೌಕರಿಯುದ್ದಕ್ಕೂ ಆಡಿಕೊಂಡು ಬಂದವನು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಕನಕಪುರದಿಂದ ಸಾತನೂರು, ಕನಕಪುರದಿಂದ ರಾಮನಗರ, ಕೆಲವು ವರ್ಷ ಮಾಗಡಿ. ಕಾಲೇಜಿನವರು ಹಿಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ ಅಮೆರಿಕದ ಆಟಗಾರರನ್ನು ನೋಡುತ್ತ, ಹಳಬ ದೊಡ್ಡವನೋ ಹೊಸಬ ದೊಡ್ಡವನೋ ಎಂದು ಕಿತ್ತಾಡುವುದು ಕಿವಿಗೆ ಬಿದ್ದರೆ ಸಾಕು, ನನ್ನ ಕಾಲು ತಾನಾಗಿಯೇ ಆ ಕಡೆ ಹೋಗುತ್ತಿತ್ತು.

"ಅವ್ರೆಲ್ಲ ಮರದ ನೆಲದ ಮೇಲೆ ಬೂಟ್ ಹಾಕ್ಕೊಂಡು ಹಾರೋರು ಕಣ್ರಪ್ಪಾ. ನಮ್ಮಣ್ಣ ಬರಿಗಾಲಲ್ಲಿ, ಮಣ್ಣಿನ ಮೇಲಿಂದ ಹಾರಿ ಹತ್ತಡಿ ರಿಂಗ್ ಮುಟ್ದೋನು. ಅದುನ್ನ ಯಾರ್ ವಿಡಿಯೋ ಮಾಡಿದ್ರು ಯೋಳಿ?"

ಹೀಗೆ ಶುರುವಾದರೆ ನನಗೆ ಸ್ಟಾಪೂ ಕಾಣುತ್ತಿರಲಿಲ್ಲ, ಸೀಟಿಯೂ ನೆನಪಿರುತ್ತಿರಲಿಲ್ಲ. ಒಮ್ಮೆ ಪಾಪ, ಒಬ್ಬ ಅಜ್ಜಿಯನ್ನು ಅವರ ಊರಲ್ಲಿ ಇಳಿಸದೆ ಸಾತನೂರಿನವರೆಗೆ ಒಯ್ದುಬಿಟ್ಟೆ. ಇಳಿಯುವಾಗ ಆಕೆ ಬೈದದ್ದು ನನ್ನನ್ನಲ್ಲ, ನಮ್ಮಣ್ಣನನ್ನು. ನನಗೆ ಮೂಗಿನ ಮೇಲೇ ಕೋಪ. ಅಜ್ಜಿಯ ಜೊತೆಗೂ ಜಗಳಕ್ಕೆ ನಿಂತೆ.

ಅಣ್ಣ ರಿಂಗ್ ಮುಟ್ಟಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕನಕಪುರದ ನಮ್ಮ ಮೈದಾನದಲ್ಲಿ ಕಂಬ ನೆಟ್ಟ ವರ್ಷವೇ ನಡೆದದ್ದು. ಆಗಿನ ಪಿ.ಟಿ. ಮೇಷ್ಟ್ರು ಹಟ ಹಿಡಿದು ಎರಡು ಕಬ್ಬಿಣದ ಕಂಬ ತರಿಸಿ, ಚನ್ನಪಟ್ಟಣದ ಬೊಂಬೆ ಮಾಡುವವರೊಬ್ಬರಿಂದ ಹಲಗೆ ಮಾಡಿಸಿದ್ದರು. ಅವರು ಅಭ್ಯಾಸಬಲದಿಂದ ಹಲಗೆಗೂ ಅರಗಿನ ಕೆಂಪು, ಹಳದಿ ಬಣ್ಣ ಹೊಡೆದುಕೊಟ್ಟಿದ್ದರು. ಮಾಗಡಿಯ ತಂಡದವರು ಆಡಲು ಬಂದಾಗ ಅದನ್ನು ನೋಡಿ ನಕ್ಕರು. ಅವರ ಕ್ಯಾಪ್ಟನ್ ಕೊಕ್ಕರೆಯಂತಹ ಆಸಾಮಿ. ಆಟ ಮುಗಿದ ಮೇಲೆ ರಿಂಗಿನ ಕೆಳಗೆ ನಿಂತು, "ನಿಮ್ಮೂರಲ್ಲಿ ಇದುನ್ನ ಮುಟ್ಟೋರು ಯಾರಾರ ಅವ್ರಾ, ಇಲ್ಲ ಏಣಿ ತರುಸ್ಬೇಕಾ?" ಅಂದ. ತಾನೂ ಎರಡು ಸಲ ಹಾರಿ ನೋಡಿದ. ಸಿಗಲಿಲ್ಲ.

ಅಣ್ಣ ಅಂಥ ಎತ್ತರದ ಆಳೇನಲ್ಲ. ಗೆರೆ ಎಳೆಯಲು ಇಟ್ಟಿದ್ದ ಸುಣ್ಣದ ನೀರಿನಲ್ಲಿ ಬಲಗೈ ಬೆರಳು ಅದ್ದಿಕೊಂಡ, ಹಿಂದಕ್ಕೆ ಹೋದ, ಓಡಿ ಬಂದು ಹಾರಿದ. ಕೆಳಗಿಳಿದಾಗ ಕಬ್ಬಿಣದ ರಿಂಗಿನ ಮೇಲೆ ಮೂರು ಬೆರಳಿನ ಬಿಳಿ ಗುರುತು. ಮುಂದಿನ ಮಳೆ ಬರುವವರೆಗೂ ಅದು ಹಾಗೇ ಇತ್ತು. ಜನ ಸಂತೆಗೆ ಬಂದವರು ಮೈದಾನದ ಕಡೆ ತಿರುಗಿ ಅದನ್ನು ನೋಡಿಕೊಂಡೇ ಊರಿಗೆ ಹೋಗುತ್ತಿದ್ದರು.

ಆಮೇಲೆ ಅಣ್ಣ ಆಟದಿಂದ ದೊಡ್ಡ ಕೆಲಸವನ್ನೇನೂ ಗಿಟ್ಟಿಸಲಿಲ್ಲ. ಸಾತನೂರು ರಸ್ತೆಯ ನಮ್ಮ ಜಮೀನಿನಲ್ಲಿ ರಾಗಿ, ಹಿಪ್ಪುನೇರಳೆ, ಎರಡು ಹಸು ನೋಡಿಕೊಂಡು ಉಳಿದ. ಆದರೆ ಅವನು ಪೇಟೆಗೆ ಬಂದರೆ ಟೀ ಅಂಗಡಿಯಲ್ಲಿ ಯಾರಾದರೂ ಎದ್ದು ಜಾಗ ಬಿಡುತ್ತಿದ್ದರು. ಹೊಸಬರಿಗೆ, "ರಿಂಗ್ ಮುಟ್ಟಿದೋರು ಇವ್ರೇ" ಎಂದು ತೋರಿಸುತ್ತಿದ್ದರು. ಅವನಿಗೆ ಸಿಕ್ಕ ಬಹುಮಾನ ಅಂದರೆ ಅಷ್ಟೇ. ಅದಕ್ಕೇ ಅದು ನನಗೆ ಅಷ್ಟು ದೊಡ್ಡದು.

ಇಪ್ಪತ್ತು ವರ್ಷದ ಹಿಂದೆ ಮಾಗಡಿ ಬಸ್ಸಿನಲ್ಲಿ ಒಬ್ಬ ಪ್ರಯಾಣಿಕ ಇಡೀ ಬಸ್ಸಿಗೆ ಕೇಳುವ ಹಾಗೆ, "ಅಯ್ಯೋ, ನಿಮ್ಮೂರ ರಿಂಗೇ ಗಿಡ್ಡ ಬುಡ್ರೀ" ಅಂದ. ನನಗೆ ಉರಿದುಹೋಯಿತು. ಮಾರನೆಯ ದಿನ ರಜೆ ಹಾಕಿದೆ. ಪರಿಚಯದ ಗಾರೆಕೆಲಸದವರಿಂದ ಉದ್ದನೆಯ ಟೇಪು ಇಸಕೊಂಡು, ಪಕ್ಕದ ಮನೆಯ ಏಣಿ ಹೊತ್ತು, ಮಟಮಟ ಮಧ್ಯಾಹ್ನ ಮೈದಾನದಲ್ಲಿ ಯಾರೂ ಇಲ್ಲದಾಗ ಮೂಡಲ ಕಡೆಯ ಕಂಬ ಹತ್ತಿದೆ. ಅಳೆದು ಬರೆದುಕೊಂಡು ಹೋಗಿ ಆ ಮಾಗಡಿಯವನ ಮುಖಕ್ಕೆ ಹಿಡಿಯಬೇಕೆಂದು ನನ್ನ ಲೆಕ್ಕ.

ಒಂಬತ್ತಡಿ ಮೂರಂಗುಲ.

ಟೇಪು ಮಡಿಸಿಕೊಂಡಿದೆ ಅಂದುಕೊಂಡು ಇನ್ನೊಮ್ಮೆ ಬಿಟ್ಟೆ. ಮೂರನೆಯ ಸಲವೂ ಅಷ್ಟೇ. ಸರಿಯಾಗಿ ಒಂದು ಗೇಣು ಕಡಿಮೆ. ಏಣಿಯ ಮೇಲೆಯೇ ಕೂತುಬಿಟ್ಟೆ. ಬಿಸಿಲಿಗೆ ಕಬ್ಬಿಣ ಸುಡುತ್ತಿತ್ತು, ಕೈ ತೆಗೆಯಬೇಕೆಂದೂ ತೋಚಲಿಲ್ಲ.

ಅವತ್ತಿನಿಂದ ನನಗೆ ಎಷ್ಟೋ ಸಂಗತಿ ಬೇರೆ ಥರ ಕಾಣತೊಡಗಿತು. ನಮ್ಮೂರ ತಂಡ ಹೊರಗೆ ಆಡಲು ಹೋದರೆ ಬಾಲು ಯಾವಾಗಲೂ ರಿಂಗಿನ ಮುಂದಿನ ಅಂಚಿಗೇ ಬಡಿದು ವಾಪಸು ಬರುತ್ತಿತ್ತು. ನಾವು ಅಲ್ಲಿನ ಊಟವನ್ನೋ, ಬಸ್ಸಿನ ಕುಲುಕಾಟವನ್ನೋ ಬೈಯುತ್ತಿದ್ದೆವು. ಈಗ ಕಾರಣ ತಿಳಿಯಿತು, ಅಲ್ಲಿನ ರಿಂಗುಗಳು ಪೂರ್ತಿ ಹತ್ತಡಿ. ತಿಳಿದು ಏನು ಮಾಡಲಿ? ಅಣ್ಣ ಮುಟ್ಟಿದ್ದು ಹತ್ತಡಿ ಅಲ್ಲ. ಊರಿಗೆ ಗೊತ್ತಾದರೆ ಟೀ ಅಂಗಡಿಯಲ್ಲಿ ಎದ್ದು ನಿಲ್ಲುತ್ತಿದ್ದವರೇ ಮುಸಿಮುಸಿ ನಗುತ್ತಾರೆ. ಇದನ್ನು ನನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿದೆ. ಬಸ್ಸಿನಲ್ಲಿ ಮಾತ್ರ ಮೊದಲಿನ ಹಾಗೇ ಹತ್ತಡಿ ಎಂದು ಕೂಗುತ್ತಿದ್ದೆ.

ಇಟ್ಟುಕೊಳ್ಳುವುದು ಸುಲಭದ ಕೆಲಸ ಆಗಿರಲಿಲ್ಲ. ಪ್ರತಿ ವರ್ಷ ದಸರಾ ಟೂರ್ನಮೆಂಟಿಗೆ ಮೊದಲು ಕಂಬಕ್ಕೆ ಬಣ್ಣ ಹೊಡೆಯುತ್ತಿದ್ದರು. ಬೇರೆ ಯಾರೂ ಏಣಿ ಹತ್ತಬಾರದು ಎಂದು ನಾನೇ ಬಣ್ಣದ ಡಬ್ಬ ಹಿಡಿದು ನಿಲ್ಲುತ್ತಿದ್ದೆ. ಬಲೆ ಹರಿದರೆ ನಾನೇ ಕಟ್ಟುತ್ತಿದ್ದೆ. "ನಿಮ್ಮಂಥೋರು ಇರ್ಬೇಕು ಸಾರ್, ಆಟದ ಮ್ಯಾಲೆ ಏನ್ ಅಭಿಮಾನ" ಎಂದು ಒಮ್ಮೆ ಶಾಲು ಬೇರೆ ಹೊದಿಸಿದರು. ಆ ಶಾಲು ಹೊದ್ದುಕೊಂಡು ನಾನು ಕಳ್ಳನ ಹಾಗೆ ಕೂತಿದ್ದೆ.

ಅಣ್ಣನಿಗೆ ಹೇಳಿಬಿಡೋಣ ಅನ್ನಿಸಿದ್ದೂ ಉಂಟು. ಒಂದು ಸಲ ಅವನ ಮನೆಗೆ ಹೋದಾಗ ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲೆಂದು ಚಂದ್ರಿಕೆಯ ಬಿದಿರು ತಟ್ಟಿಯ ಮೇಲೆ ಬಿಡುತ್ತಿದ್ದ. ನಾನು "ಅಣ್ಣ, ಒಂದ್ ಮಾತು" ಅಂದೆ. ಅವನು, "ಮಾತು ಆಮ್ಯಾಕೆ, ಈ ತುದಿ ಒಸಿ ಹಿಡ್ಕಳ್ಲಾ" ಅಂದ. ಹಿಡಿದುಕೊಂಡೆ. ಒಂದೊಂದೇ ಹುಳುವನ್ನು ಅವನು ಬೆರಳ ತುದಿಯಲ್ಲಿ ಎತ್ತಿಡುವುದನ್ನು ನೋಡುತ್ತ ಕೊನೆಯ ಹುಳುವಿನವರೆಗೂ ನಿಂತಿದ್ದು, ಹೇಳದೆಯೇ ಮನೆಗೆ ಬಂದೆ.

ಹೀಗಿರುವಾಗ ಆ ಹುಡುಗಿ ಬಂದಳು.

ರೇಷ್ಮೆ ನೂಲು ಬಿಚ್ಚುವವರ ಮನೆಯ ಮಗಳು. ಅವಳ ತಂದೆಯ ಫಿಲೇಚರ್, ಅಂದರೆ ನೂಲು ಬಿಚ್ಚುವ ಶೆಡ್ಡು, ನಮ್ಮ ಮೈದಾನದ ಹಿಂದಿನ ಬೀದಿಯಲ್ಲೇ ಇದೆ. ಅಲ್ಲಿ ಗೂಡು ಬೇಯಿಸುವ ವಾಸನೆ ಅರ್ಧ ಕೋರ್ಟಿನವರೆಗೆ ಬರುತ್ತದೆ. ಚಿಕ್ಕಂದಿನಿಂದ ಅಲ್ಲೇ ಆಡಿ ಬೆಳೆದವಳು, ನೋಡನೋಡುತ್ತ ನನಗಿಂತ ಎತ್ತರವಾದಳು. ಅವಳ ಆಟ ನೋಡಿದರೆ ನನ್ನಂಥ ಜಗಳಗಂಟನಿಗೂ ಬಾಯಿ ಕಟ್ಟುತ್ತಿತ್ತು. ಹೋದ ದಸರೆಯಲ್ಲಿ ಪಂದ್ಯಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳುತ್ತಿದ್ದವಳು ಎಲ್ಲರ ಮುಂದೆ ಹಾರಿ ರಿಂಗ್ ಮುಟ್ಟಿದಳು. ಅಣ್ಣನ ನಂತರ ನಮ್ಮೂರಿನಲ್ಲಿ ಆ ರಿಂಗ್ ಮುಟ್ಟಿದ್ದು ಅವಳೊಬ್ಬಳೇ.

ಟೀ ಅಂಗಡಿಯಲ್ಲಿ ಎರಡು ಪಕ್ಷವಾಯಿತು. ಒಂದು ಪಕ್ಷ, "ಹೆಣ್ಣುಡ್ಗಿ ಮುಟ್ಟವ್ಳೆ ಅಂದ್ರೆ ಅವ್ಳೇ ದೊಡ್ಡೋಳು" ಅಂದಿತು. ಇನ್ನೊಂದು, "ಬೂಟು, ತರಬೇತಿ, ಹಾಲು ಮೊಟ್ಟೆ ಎಲ್ಲಾ ಐತೆ ಈಗ. ಆವಾಗ ಏನಿತ್ತು, ಮುದ್ದೆ ಉಂಡು ಹಾರಿದ್ದು" ಅಂದಿತು. ನಾನು ಎರಡನೆಯ ಪಕ್ಷದ ನಾಯಕ ಆಗಬೇಕಾಗಿತ್ತು. ಆದರೆ ಬಾಯಿ ತೆರೆಯುವಂತಿಲ್ಲ. ಆ ರಿಂಗ್ ಗಿಡ್ಡ ಎಂದು ಹೇಳಿ ಅವಳನ್ನು ಒಂದು ಗೇಣು ಇಳಿಸಿದರೆ ಜೊತೆಗೆ ಅಣ್ಣನೂ ಇಳಿಯುತ್ತಾನೆ. ಟೀ ಆರಿಸಿಕೊಂಡು ಕುಡಿದು ಎದ್ದು ಬಂದೆ. ನನಗೆ ಹುಷಾರಿಲ್ಲ ಎಂದು ಸುದ್ದಿಯಾಯಿತು.

ಈ ವರ್ಷ ಮೈದಾನಕ್ಕೆ ಹೊಸ ಕೋರ್ಟು ಮಂಜೂರಾಯಿತು. ನೀಲಿ ಬಣ್ಣದ ನೆಲ, ಗಾಜಿನ ಹಲಗೆ. ಹಳೆಯ ಕಂಬ ಕೀಳಬೇಕು. ಈಗಿನ ಪಿ.ಟಿ. ಮೇಷ್ಟ್ರು ಯುವಕ, ಬಹಳ ಶ್ರದ್ಧೆಯವರು. ನನ್ನ ಕರ್ಮ, ಅವರಿಗೆ ಒಂದು ಯೋಚನೆ ಹೊಳೆಯಿತು. ಹಳೆಯ ರಿಂಗನ್ನು ಗೋಡೆಗೆ ತೂಗುಹಾಕಿ, ಕೆಳಗೆ ಫಲಕದಲ್ಲಿ ಅದನ್ನು ಮುಟ್ಟಿದ ಇಬ್ಬರ ಹೆಸರನ್ನೂ ರಿಂಗಿನ ಎತ್ತರವನ್ನೂ ಬರೆಸಬೇಕು. ಅದಕ್ಕೆ ಕಂಬ ಕೀಳುವ ದಿನ ಊರಿನವರ ಎದುರಿಗೇ ಅಳತೆ.

"ಅಳ್ಯೋದ್ ಯಾಕ್ ಸಾರ್, ಹತ್ತಡಿ ಅಂತ ಬರ್ಸಿ. ಜಗತ್ತಿಗೇ ಗೊತ್ತಿರೋದು" ಅಂದೆ.

"ಪರವಾಗಿಲ್ಲ ಸಾರ್, ಅಳ್ದೇ ಬರ್ಸಿದ್ರೆ ಒಂದು ತೂಕ ಇರ್ತದೆ" ಅಂದರು.

ಗುಜರಿಯವರೊಬ್ಬರು ಗೊತ್ತು, ಮುಂಚಿತವಾಗಿಯೇ ಬಂದು ಕಿತ್ತುಕೊಂಡು ಹೋಗುತ್ತಾರೆ, ನಿಮಗೇಕೆ ತೊಂದರೆ ಎಂದೂ ಹೇಳಿ ನೋಡಿದೆ. ಮೇಷ್ಟ್ರು ನನ್ನ ಕೈ ಹಿಡಿದು, ತಮ್ಮಂಥ ಹಿರಿಯರಿಗೆ ಶ್ರಮ ಕೊಡುವುದಿಲ್ಲ ಅಂದರು. ಮನೆಗೆ ಬಂದು ಅನ್ನ ಬಿಟ್ಟು ಎದ್ದೆ. ಅಣ್ಣನನ್ನು ಅವತ್ತು ಪೇಟೆಗೆ ಬಾರದಂತೆ ಮಾಡೋಣ ಎಂದರೆ ಮೇಷ್ಟ್ರು ಅವನ ಮನೆಗೇ ಹೋಗಿ ಕರೆದು ಬಂದಿದ್ದರು.

ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಜನ ಸೇರಿದ್ದರು. ಅಣ್ಣ ಬಿಳಿ ಶರ್ಟು ಹಾಕಿಕೊಂಡು ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದ. ಆ ಹುಡುಗಿಯೂ ಬಂದಿದ್ದಳು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಯಾಕೋ ದೂರ ನಿಂತಿದ್ದಳು. ಜೆಸಿಬಿ ಒಂದು ಮೂಲೆಯಲ್ಲಿ ಕಾಯುತ್ತಿತ್ತು. ಮೇಷ್ಟ್ರು ಏಣಿ ಹತ್ತಿ ಉಕ್ಕಿನ ಟೇಪು ಬಿಟ್ಟರು. ಕೆಳಗೆ ಹಿಡಿದಿದ್ದವರು ಓದಿದರು.

"ಒಂಬತ್ತು ಅಡಿ... ಮೂರು ಇಂಚು."

ಗುಜುಗುಜು ಎದ್ದಿತು. ಯಾರೋ, "ಓಹೋ, ಇಷ್ಟೇನಾ" ಅಂದರು. ಒಬ್ಬಿಬ್ಬರು ನಕ್ಕರು. ನಾನು ಇಪ್ಪತ್ತು ವರ್ಷ ಹೆದರಿದ್ದ ನಗು ಅದೇ. ನನ್ನ ಪಿತ್ತ ನೆತ್ತಿಗೇರಿತು. ಟೇಪು ಸರಿಯಿಲ್ಲ, ಏಣಿ ಸರಿಯಿಲ್ಲ, ಮೇಷ್ಟ್ರ ಕಣ್ಣು ಸರಿಯಿಲ್ಲ ಎಂದು ಕೂಗಾಡಿದೆ. ಪಾಪದ ಮನುಷ್ಯ ಏಣಿಯ ಮೇಲೆ ಕಕ್ಕಾಬಿಕ್ಕಿಯಾಗಿ ನಿಂತರು. ಅಣ್ಣನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

ಅಣ್ಣನೇ ಮಾತಾಡಿದ. "ಅಳ್ಯೋದು ಆಮ್ಯಾಕೆ. ಮೊದ್ಲು ಬುಡ ಅಗ್ಸಿ ಸಾರ್. ನಿಧಾನಕ್ಕೆ, ಹಾರೆ ಹಾಕ್ಸಿ. ಜೆಸಿಬಿ ಬ್ಯಾಡ."

ಆಘಾತಕ್ಕೆ ಏನೋ ಹೇಳುತ್ತಿದ್ದಾನೆ ಅಂದುಕೊಂಡೆ. ಇಬ್ಬರು ಆಳುಗಳು ಕಂಬದ ಸುತ್ತ ಹಾರೆ ಹಾಕಿದರು. ಮೇಲಿನ ಮಣ್ಣು ಹೆಂಟೆಹೆಂಟೆಯಾಗಿ ಎದ್ದಿತು. ಗುಂಡಿಯ ಗೋಡೆಯಲ್ಲಿ ಮಣ್ಣು ಪದರಪದರವಾಗಿ ಕಾಣುತ್ತಿತ್ತು. ಒಂದು ತೆಳ್ಳನೆಯ ಕಪ್ಪು ಪದರ, ಅದರ ಕೆಳಗೆ ಬೂದು ಮಣ್ಣು, ಮತ್ತೆ ಕಪ್ಪು, ಮತ್ತೆ ಬೂದು. ಒಂದು ಗೇಣು ಇಳಿಯುವ ಹೊತ್ತಿಗೆ ಹಾರೆ ಠಣ್ಣೆಂದಿತು. ಕೈಯಲ್ಲಿ ಬಳಿದು ನೋಡಿದರೆ ಕಂಬವನ್ನು ಸುತ್ತುವರಿದ ಕಲ್ಲಿನ ಚಪ್ಪಡಿ.

"ಅದು ನಾನೂ ಹಳೇ ಮೇಷ್ಟ್ರೂ ಹಾಸಿದ್ದ ಚಪ್ಪಡಿ" ಅಂದ ಅಣ್ಣ. "ಕಲ್ಲುಕ್ವಾರಿಯಿಂದ ಗಾಡೀಲಿ ತಂದಿದ್ದೊ. ಆವಾಗ ನೆಲದ ಸಮಕ್ಕೆ ಇತ್ತು. ಈಗ ಅದ್ರ ಮ್ಯಾಲಿಂದ ಅಳೀರಿ."

ಮೇಷ್ಟ್ರು ಮತ್ತೆ ಟೇಪು ಬಿಟ್ಟರು. ಹತ್ತು ಅಡಿ. ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ.

ಅಷ್ಟಾದ ಮೇಲೆ ನನ್ನ ಮಂಡೆಗೆ ಹೊಳೆಯಿತು. ನಮ್ಮದು ರೈತರ ಊರು. ಆಟದ ನೆಲವನ್ನು ನಾವು ರಾಗಿ ಕಣದ ಹಾಗೇ ನೋಡಿಕೊಂಡಿದ್ದೆವು. ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಕೆರೆಯ ಗೋಡುಮಣ್ಣು ಗಾಡಿಯಲ್ಲಿ ತಂದು ಹರಡಿ, ನೀರು ಕುಡಿಸಿ, ಕಣದಲ್ಲಿ ಉರುಳಿಸುವ ರೋಣಗಲ್ಲನ್ನೇ ತಂದು ಉರುಳಿಸಿ, ಮೇಲೆ ಸಗಣಿ ಸಾರಿಸುತ್ತಿದ್ದೆವು. ಬಾಲು ಅಷ್ಟು ಚೆನ್ನಾಗಿ ಪುಟಿಯುವ ನೆಲ ಸುತ್ತಮುತ್ತ ಎಲ್ಲೂ ಇಲ್ಲ ಎಂದು ನಮಗೆ ಜಂಬ. ನಾನು ಏಣಿ ಹತ್ತಿದ ವರ್ಷದವರೆಗೂ ಅದು ನಡೆದಿತ್ತು. ಆಮೇಲೆ ಮಾಡುವವರು ಇಲ್ಲವಾದರು. ವರ್ಷಕ್ಕೆ ಅರ್ಧ ಬೆರಳಿಗೂ ಕಡಿಮೆ, ಆದರೆ ಅಷ್ಟು ವರ್ಷ. ರಿಂಗ್ ಇದ್ದಲ್ಲೇ ಇತ್ತು. ನೆಲ ಮೇಲೆ ಬಂದಿತ್ತು. ಅಣ್ಣ ಹಾರಿದ್ದು ಎಲ್ಲಕ್ಕಿಂತ ಕೆಳಗಿನ ನೆಲದಿಂದ, ಪೂರ್ತಿ ಹತ್ತಡಿ.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಅನ್ನುತ್ತಾರಲ್ಲ, ನನಗೆ ಆದದ್ದು ಅದೇ. ಉಸಿರು ಹೊಟ್ಟೆಯ ತಳದವರೆಗೂ ಹೋಯಿತು. ಎಷ್ಟು ವರ್ಷದಿಂದ ಅಷ್ಟು ಆಳಕ್ಕೆ ಉಸಿರಾಡಿರಲಿಲ್ಲವೋ ಏನೋ. ಖುಷಿಯಾದರೆ ನನಗೆ ಸುಮ್ಮನಿರಲು ಬರುವುದಿಲ್ಲ, ಅದು ನನ್ನ ದೊಡ್ಡ ದೋಷ. ಎರಡನೆಯ ಪಕ್ಷದ ನಾಯಕತ್ವ ವಹಿಸಿಕೊಂಡು, ಜಯಿಸಿದವನ ಹಾಗೆ ಆ ಹುಡುಗಿಯ ಕಡೆ ತಿರುಗಿದೆ.

"ನೋಡ್ದೇನಮ್ಮಾ. ನಮ್ಮಣ್ಣಂದು ಹತ್ತಡಿ. ನೀನು ಮುಟ್ಟಿದ್ದು ಒಂಬತ್ತೂ ಕಾಲು."

ಅವಳು ಕೋಪಿಸಿಕೊಳ್ಳಲಿಲ್ಲ. ಗುಂಡಿಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತು, ಚಪ್ಪಡಿಯಿಂದ ಮೇಲಿನ ನೆಲದವರೆಗೆ ಗೇಣು ಹಾಕಿ ನೋಡಿದಳು. ನೋಡುತ್ತಲೇ ಅವಳ ಕಣ್ಣು ತುಂಬಿತು. ನನಗೆ ಗಾಬರಿಯಾಯಿತು.

"ಅಂಕಲ್, ನಿಜವಾಗ್ಲೂ ಇಷ್ಟು ಕಮ್ಮಿ ಇತ್ತಾ?" ಅಂದಳು. "ಮೂರ್ ತಿಂಗ್ಳ ಹಿಂದೆ ಬೆಂಗ್ಳೂರಲ್ಲಿ ಕ್ಯಾಂಪಿಗೆ ಹೋಗಿದ್ನಲ್ಲ, ಅಲ್ಲಿ ಎಲ್ರ ಮುಂದೆ ರಿಂಗ್ ಮುಟ್ಟು ಅಂದ್ರು. ಸರಿಯಾಗಿ ಇಷ್ಟೇ ದೂರ ಉಳ್ಕೊಂಬಿಡ್ತು. ಅದಕ್ಕೂ ಮೊದ್ಲು ಒಂದ್ಸಲ ಬಿದ್ದಿದ್ದೆ. ಮಂಡಿ ಹೋಯ್ತು, ನನ್ನ ಹಾರಾಟ ಮುಗೀತು ಅಂದ್ಕೊಂಡೆ. ಅಬ್ಬಾಗೆ ಹೇಳಿಲ್ಲ. ಆಟ ಬಿಡ್ತೀನಿ ಅಂತ ಪತ್ರ ಬರ್ದಿಟ್ಟಿದ್ದೀನಿ."

ಕಾಲಿಗೆ ಏನೂ ಆಗಿಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಆ ಗುಂಡಿಯ ಅಂಚಿನಲ್ಲಿ. ಅಳುತ್ತಲೇ ನಗುತ್ತಿದ್ದಳು, ಪಟ್ಟಿ ಬಿಚ್ಚಿ ಜೇಬಿಗೆ ತುರುಕಿದಳು. ಮೂರು ತಿಂಗಳು ಆ ಮಗು ಒಬ್ಬಳೇ ಹೊತ್ತು ತಿರುಗಿದ ಭಾರ, ನಾನು ಒಂದು ಮಾತು ಆಡಿದ್ದರೆ ಒಂದು ನಿಮಿಷದಲ್ಲಿ ಇಳಿಯುತ್ತಿತ್ತು. ಅವಳನ್ನು ಗೆದ್ದೆ ಅಂದುಕೊಂಡ ನಾಲಿಗೆಗೆ ನಾಚಿಕೆಯಾಯಿತು.

"ನಂಗೊತ್ತಿತ್ತು ಕಣಮ್ಮ" ಅಂದೆ. ಎಲ್ಲರ ಎದುರಿಗೇ ಅಂದೆ. "ಇಪ್ಪತ್ತು ವರ್ಸದಿಂದ ಗೊತ್ತಿತ್ತು. ಟೇಪ್ ಹಿಡ್ದು ಅಳ್ದಿದ್ದೆ. ಅಣ್ಣನ್ ಮರ್ಯಾದೆ ಹೋಯ್ತದೆ ಅಂತ ಬಾಯ್ ಬುಡ್ಲಿಲ್ಲ."

ಅಣ್ಣ ಬೆಂಚಿನಿಂದ ಎದ್ದು ಬಂದು ನನ್ನ ಮುಖವನ್ನೇ ನೋಡಿದ. ಬೈಯುತ್ತಾನೆ ಅಂದುಕೊಂಡೆ.

"ಅಲ್ಲ ಕಣ್ಲಾ" ಅಂದ. "ವರ್ಸಾ ವರ್ಸಾ ಮಣ್ಣು ಹೊಡ್ಸಿದ್ದು ನಾನು. ಸಗ್ಣಿ ಸಾರ್ಸಿದ್ದು ನಾನು. ನೆಲ ಏರೈತೆ ಅಂತ ನಂಗ್ ಗೊತ್ತಿಲ್ವಾ? ಅವತ್ತೇ ಬಂದು ಕೇಳಿದ್ರೆ ಅವತ್ತೇ ಹೇಳ್ತಿರ್ಲಿಲ್ವಾ?"

ಇಷ್ಟು ವರ್ಷ ಅಣ್ಣನನ್ನು ಕಾಯುತ್ತಿದ್ದೇನೆ ಎಂದು ನಾನು ನಂಬಿದ್ದೆ. ನಿಜ ಅಂದರೆ ಅನುಮಾನಿಸುತ್ತಿದ್ದೆ. ಬಸ್ಸಿನ ತುಂಬ ಅವನ ಪರವಾಗಿ ಕೂಗಿದವನಿಗೆ, ಅವನ ಮನೆಯ ಜಗಲಿಯಲ್ಲಿ ಕೂತು ಒಂದು ಪ್ರಶ್ನೆ ಕೇಳುವಷ್ಟು ಅವನ ಮೇಲೆ ನಂಬಿಕೆ ಇರಲಿಲ್ಲ. ಇದನ್ನು ಅವನಿಗೂ ಹೇಳಿದೆ, ಇಷ್ಟು ನೇರವಾಗಿ ಅಲ್ಲದಿದ್ದರೂ. ಅವನು ಕೇಳಿಸಿಕೊಂಡು ತಲೆ ಆಡಿಸಿದ, ಅಷ್ಟೇ.

ಆಮೇಲೆ ಆ ಹುಡುಗಿಯ ಕಡೆ ತಿರುಗಿ, ಹಾರುವಾಗ ಕೊನೆಯ ಹೆಜ್ಜೆ ಉದ್ದ ಇಡುತ್ತೀಯೋ ಗಿಡ್ಡ ಇಡುತ್ತೀಯೋ ಎಂದು ಕೇಳಿದ. ಉದ್ದ ಅಂದಳು. "ಗಿಡ್ಡ ಮಡ್ಗು. ಇನ್ನ ಒಸಿ ಸಿಕ್ತದೆ" ಅಂದ. ಅವಳು ಅಲ್ಲೇ ಖಾಲಿ ಜಾಗದಲ್ಲಿ ಓಡಿ ಹಾರಿ ತೋರಿಸಿದಳು. ಇವನು ಬೇಡ, ಹಾಗಲ್ಲ ಎಂದು ತನ್ನ ಹವಾಯಿ ಚಪ್ಪಲಿ ಬಿಟ್ಟು ಹೆಜ್ಜೆ ಹಾಕಿ ತೋರಿಸಿದ. ಯಾರು ದೊಡ್ಡವರು ಎಂದು ಅವರಿಬ್ಬರೂ ಕೇಳಿಕೊಂಡಂತೆ ಕಾಣಲಿಲ್ಲ. ಮೇಷ್ಟ್ರು ನನ್ನ ಪಕ್ಕ ಬಂದು ನಿಂತು, ಫಲಕದಲ್ಲಿ ಎರಡು ಎತ್ತರವನ್ನೂ ಬರೆಸಿಬಿಡೋಣ ಅಂದರು. ಬರೆಸಿ ಸಾರ್ ಅಂದೆ, ಮತ್ತೆ ಅವರ ಕಣ್ಣಿನ ವಿಷಯಕ್ಕೆ ಕ್ಷಮೆ ಕೇಳಿದೆ.

ಬಸ್ ಸ್ಟ್ಯಾಂಡಿನವರೆಗೆ ಅಣ್ಣನೂ ನಾನೂ ನಡೆದು ಹೋದೆವು. ಸಾತನೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಅವನು ಕಾಲಿನ ಮಣ್ಣು ಕೊಡವಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದ:

"ಇನ್ನೇನಾರ ಅಳ್ದು ಮುಚ್ಚಿಟ್ಟಿದ್ದೀಯೇನ್ಲಾ ನನ್ ಕಡೆಯಿಂದ?"

ಒಳಗೆಲ್ಲ ಹುಡುಕಿ ನೋಡಿದೆ.

"ಏನೂ ಇಲ್ಲ ಕಣಣ್ಣ" ಅಂದೆ. ನಿಜವಾಗಿಯೂ ಏನೂ ಇರಲಿಲ್ಲ.